ಎದೆಬಡಿತದ ಸಹಿ

ನನ್ನ ತಮ್ಮ ಶೇಷಗಿರಿ ತೀರಿಕೊಂಡ ಸುದ್ದಿಯನ್ನು ಯಾರೂ ನನಗೆ ಹೇಳಲಿಲ್ಲ. ನಾನೇ ಕಣ್ಣಾರೆ ನೋಡಿದೆ. ಅಂದು ಅನುದಾನದ ಅರ್ಜಿ ಸಲ್ಲಿಸಲು ನಮ್ಮ ವಿಶ್ವವಿದ್ಯಾಲಯದ ಸಂಶೋಧನಾ ಕಚೇರಿಯಲ್ಲಿ ಕುಳಿತಿದ್ದೆ. ಅರ್ಜಿಗಳೆಲ್ಲ ಕಂಪ್ಯೂಟರಿಗೆ ಬಂದ ಮೇಲೆ ಕಾಗದದ ಸಹಿ ಹೋಗಿ ಎದೆಬಡಿತದ ಸಹಿ ಬಂದಿತ್ತು. ಅರ್ಜಿದಾರರು ಇಬ್ಬರಿದ್ದರೆ ಇಬ್ಬರೂ ಒಟ್ಟಿಗೆ ಗಾಜಿನ ಮೇಲೆ ಹೆಬ್ಬೆರಳು ಇಡಬೇಕು. ನಾನು ಧಾರವಾಡದಲ್ಲಿ ಇಟ್ಟೆ, ಅವನು ಕಾರವಾರದಲ್ಲಿ ಇಟ್ಟ. ಪರದೆಯ ಮೇಲೆ ನಮ್ಮಿಬ್ಬರ ಎದೆಬಡಿತದ ಎರಡು ಹಸಿರು ಗೆರೆಗಳು ಕುಣಿಯತೊಡಗಿದವು. ಕಡಲ ಏಡಿಗಳ ಬಗ್ಗೆ ನಾವಿಬ್ಬರೂ ಸೇರಿ ಬರೆದ ಮೊದಲ ಅರ್ಜಿ ಅದು.

“ಅಕ್ಕಾ, ನಿನ್ನ ಗೆರಿ ನೋಡು, ಪರೀಕ್ಷಾಕ್ಕ ಕೂತ ಹುಡುಗಿ ಹಂಗ ಹಾರ್ಲಿಕ್ಕತ್ತದ,” ಎಂದು ಫೋನಿನಲ್ಲಿ ನಕ್ಕ.

“ಸುಮ್ನಿರೋ, ಬೆರಳ ಸರದೀತು,” ಎಂದೆ.

ಅವನ ಗೆರೆ ಮಲಗಿಬಿಟ್ಟಿತು.

“ನೆಟ್‌ವರ್ಕ್ ಹೋತ್ರಿ ಮೇಡಂ. ನೀವು ಬೆರಳ ತೆಗೀಬ್ಯಾಡ್ರಿ,” ಎಂದಳು ಕಚೇರಿಯ ನೀಲವ್ವ.

ನಾನು ತೆಗೆಯಲಿಲ್ಲ. ಕಿವಿಗೆ ಹಿಡಿದ ಫೋನಿನಲ್ಲಿ ಕುರ್ಚಿ ಉರುಳಿದ ಸದ್ದಾಯಿತು. ಆಮೇಲೆ ಯಾರೋ “ಸರ್! ಅಯ್ಯೋ, ಉಸಿರಿಲ್ಲ!” ಎಂದು ಚೀರಿದರು.

ಗೆರೆ ಮಲಗುವ ಮೊದಲು ದಾಖಲಾದ ಅವನ ಬಡಿತಗಳೇ ಸಹಿಗೆ ಸಾಕಾಗಿದ್ದವೇನೋ, ಅಷ್ಟರಲ್ಲಿ ಪರದೆಯ ಮೇಲೆ ಅಕ್ಷರಗಳು ಮೂಡಿದವು: ಎರಡೂ ಸಹಿ ಪೂರ್ಣವಾಗಿವೆ, ಅರ್ಜಿ ಸ್ವೀಕೃತವಾಗಿದೆ.

“ಹೋತ್ರಿ ಮೇಡಂ, ಹೋತು!” ಎಂದು ನೀಲವ್ವ ಚಪ್ಪಾಳೆ ತಟ್ಟಿದಳು.

ನನಗೆ ಬೆರಳು ಎತ್ತಲಾಗಲಿಲ್ಲ. ನನ್ನದೊಂದೇ ಗೆರೆ ಇನ್ನೂ ಓಡುತ್ತಿತ್ತು.

ಶ್ರೀಹರಿಯೇ, ನನ್ನ ತಮ್ಮ ನಗುನಗುತ್ತಲೇ ನಿನ್ನ ಬಾಗಿಲಿಗೆ ಬಂದಿದ್ದಾನೆ. ಏನನ್ನೂ ಕೇಳದೆ ಅವನನ್ನು ಒಳಗೆ ಕರೆದುಕೋ, ಅವನ ಜೀವಕ್ಕೆ ಶಾಂತಿ ಕೊಡು.