ಒಂಬತ್ತನೇ ಗುಂಪು

ದೋನ್ ಎಲಿಹಿಯೊ ಅತ್ತಿತ್ತ ನೋಡಿ ತೀವ್ರ ನಿಗಾ ಘಟಕದೊಳಗೆ ನುಸುಳಿದ್ದನ್ನು ಗ್ರಿಸೆಲ್ದ ಕಂಬದ ಮರೆಯಿಂದ ಕಂಡಳು. ಮಧ್ಯಾಹ್ನ ಒಂದೂವರೆ. ಅಸುನ್ಸಿಯೋನ್ ನಗರದ ಬಿಸಿಲಿಗೆ ಆ ಹೊತ್ತಿನಲ್ಲಿ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ಮುದುಕನ ಮುಷ್ಟಿಯಲ್ಲಿ ಒಂದು ಪೆನ್‌ಡ್ರೈವ್ ಇತ್ತು.

ಇದು ಸತತ ಮೂರನೆಯ ಬುಧವಾರ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

ಆಸ್ಪತ್ರೆಯಲ್ಲಿ ಆರುನೂರು ಕಂಪ್ಯೂಟರುಗಳಿವೆ. ಅವನ್ನು ಒಂದೊಂದಾಗಿ ಕಾಯುವುದು ಆಗದ ಮಾತು, ಅದಕ್ಕೇ ಒಂದು ಪ್ರೋಗ್ರಾಂ ಇದೆ. ಯಾವ ಯಂತ್ರದಲ್ಲಿ ಯಾವ ತಂತ್ರಾಂಶವಿದೆ, ಯಾವುದು ಯಾವುದನ್ನು ಹೋಲುತ್ತದೆ ಎಂದು ನೋಡಿ ಅದು ತಾನೇ ಗುಂಪು ಕಟ್ಟುತ್ತದೆ. ಕಳ್ಳರು ನುಗ್ಗಬಹುದಾದ ತೂತು ಒಂದರಲ್ಲಿ ಕಂಡರೆ ಗುಂಪಿಗೆಲ್ಲ ಅದನ್ನು ಮುಚ್ಚುವ ತೇಪೆ ಕಳಿಸುತ್ತದೆ. ತೇಪೆ ಬೀಳುವಾಗ ಯಂತ್ರ ಒಮ್ಮೆ ನಿಂತು ಮತ್ತೆ ಶುರುವಾಗುತ್ತದೆ. ಒಂದಕ್ಕೆ ಏನು ಮಾಡಿದರೋ ಅದರಂಥ ಎಲ್ಲಕ್ಕೂ ಅದನ್ನೇ ಮಾಡುತ್ತದೆ. ಅದಕ್ಕಿರುವ ಬುದ್ಧಿ ಅಷ್ಟೇ.

ಹೋದ ತಿಂಗಳು ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯಾದ ಗ್ರಿಸೆಲ್ದಳ ಕಣ್ಣಿಗೆ ಒಂಬತ್ತನೇ ಗುಂಪು ಬಿತ್ತು. ನಲವತ್ತೊಂದು ಯಂತ್ರಗಳು, ಎಲ್ಲವೂ ತೀವ್ರ ನಿಗಾ ಘಟಕದಲ್ಲಿ ರೋಗಿಗಳ ಹಾಸಿಗೆ ಪಕ್ಕದವು. ಅವಕ್ಕೆ ‘ಮುಟ್ಟಬೇಡ’ ಎಂಬ ನಿಯಮ ಅಂಟಿಕೊಂಡಿತ್ತು. ಮೂರು ವರ್ಷದಿಂದ ಪ್ರೋಗ್ರಾಂ ಅವಕ್ಕೆ ತೇಪೆ ಕಳಿಸಿರಲಿಲ್ಲ, ಅವುಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಗುಂಪು ಕಟ್ಟಿದವರ ಹೆಸರಿರಬೇಕಾದ ಜಾಗದಲ್ಲಿ ‘ಪ್ರೋಗ್ರಾಂ’ ಎಂದಷ್ಟೇ ಇತ್ತು. ಆದರೆ ಮೊದಲ ಯಂತ್ರಕ್ಕೆ ಆ ನಿಯಮ ಹಚ್ಚಿದ್ದು ಯಾರೋ ಮನುಷ್ಯರೇ ಇರಬೇಕು. ಯಾರು? ಶುಕ್ರವಾರ ತಪಾಸಣೆಯವರು ಬರುವುದರೊಳಗೆ ಒಂದು ಹೆಸರು ಬೇಕೆಂದು ಆಸ್ಪತ್ರೆಯ ನಿರ್ದೇಶಕ ಬರೇಯ್ರೊ ಪಟ್ಟು ಹಿಡಿದಿದ್ದ.

ಮುದುಕನ ಹೆಸರು ಬರೆಯಲು ಅವಳ ಕೈ ಏಳಲಿಲ್ಲ. ವಿಭಾಗದಲ್ಲಿ ಅವಳಿಗೆ ಕೆಲಸ ಕಲಿಸಿದವನೇ ಅವನು. ಅವಳು ಸೇರಿದ ಹೊಸತರಲ್ಲಿ ಅಮ್ಮ ಇದೇ ಆಸ್ಪತ್ರೆಯಲ್ಲಿ ಕೊನೆಯ ಒಂಬತ್ತು ದಿನ ಕಳೆದಾಗ, ಅವಳ ಪಾಳಿಯನ್ನೂ ತಾನೇ ಮಾಡಿ, ಸಂಜೆ ಸೂಪು ಹಿಡಿದು ಬರುತ್ತಿದ್ದ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಈಗ ವಜಾ ಆದರೆ ಪಿಂಚಣಿಗೂ ಕಲ್ಲು ಬೀಳುತ್ತದೆ.

ಗುರುವಾರ ಹತ್ತು ಗಂಟೆಗೆ ಅವನು ಎಂದಿನಂತೆ ತಣ್ಣೀರಲ್ಲಿ ಸೊಪ್ಪು ನೆನೆಸಿದ ತೆರೆರೆ ಸುರಿದು ಕೊಂಬಿನ ಲೋಟವನ್ನು ಅವಳಿಗೆ ಕೊಟ್ಟ. ಅವಳು ಹೀರಿ, ಮೊದಲ ಸುತ್ತಿಗೇ ‘ಗ್ರಾಸಿಯಾಸ್’ ಎಂದು ಹಿಂದಿರುಗಿಸಿದಳು. ಒಂದೇ ಲೋಟ ಎಲ್ಲರ ನಡುವೆ ಸುತ್ತುತ್ತದೆ, ಧನ್ಯವಾದ ಹೇಳಿದವರಿಗೆ ಅದು ಮತ್ತೆ ಬರುವುದಿಲ್ಲ. ನಿಮ್ಮ ಸಾಲಿನಲ್ಲಿ ನಾನಿಲ್ಲ ಎಂದ ಹಾಗೆ. ಮುದುಕ ಒಂದು ಕ್ಷಣ ಅವಳ ಮುಖವನ್ನೇ ನೋಡಿದ.

“ಒಂಬತ್ತನೇ ಗುಂಪು ನಿಮ್ಗೆ ಗೊತ್ತಿತ್ತಾ, ದೋನ್ ಎಲಿಹಿಯೊ?”

“ಗೊತ್ತಿತ್ತಮ್ಮ. ಶುರುವಿಂದ್ಲೂ ಗೊತ್ತು.”

“ಮತ್ತೆ ಯಾಕ್ ಬಾಯಿ ಬಿಡ್ಲಿಲ್ಲ? ಅಲ್ಲಿ ಮಲ್ಗಿರೋರು ಮನುಷ್ಯರಲ್ವಾ?”

ಅವನು ಲೋಟ ಕೆಳಗಿಟ್ಟ. “ಆ ನಿಯಮ ಹಾಕ್ದೋರಿಗೆ ಆವತ್ತು ಬೇರೆ ದಾರಿ ಕಾಣ್ಲಿಲ್ಲ. ಕೆಟ್ಟದ್ದು ಮಾಡ್ಬೇಕು ಅಂತ ಮಾಡಿದ್ದಲ್ಲ. ನೀನು ಏನ್ ಬರೀಬೇಕೋ ಬರಿ, ನಂಗೇನೂ ಬೇಜಾರಿಲ್ಲ.”

ತಪ್ಪೊಪ್ಪಿಗೆಗೆ ಇನ್ನೇನು ಬೇಕು? ಅವಳು ಬರೆದಳು. ಬರೇಯ್ರೊ ಓದಿ, ಸಂಜೆಗೆ ಮೊದಲೇ ಮುದುಕನ ಗುರುತಿನ ಚೀಟಿ ಕಸಿದುಕೊಂಡ. ಎಲಿಹಿಯೊ ಮೂವತ್ತು ವರ್ಷದ ಸಾಮಾನನ್ನು ಒಂದು ಚೀಲಕ್ಕೆ ತುಂಬಿ ಬಸ್ ಹತ್ತಿದ. ಗ್ರಿಸೆಲ್ದಳಿಗೆ ಅಳು ಬಂತು. ಅಳುವುದಕ್ಕೆ ತನಗೇನು ಹಕ್ಕಿದೆ ಎಂದು ಅದನ್ನು ನುಂಗಿಕೊಂಡಳು.

ಶುಕ್ರವಾರ ಬೆಳಿಗ್ಗೆ, ತಪಾಸಣೆಯವರು ಬರುವ ಮೊದಲು, ಅವಳೇ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಆ ಯಂತ್ರಗಳನ್ನು ತೆರೆದು ನೋಡಿದಳು. ಮೊದಲನೆಯದರಲ್ಲಿ ತೂತೇ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ನಲವತ್ತೊಂದಕ್ಕೂ ತೇಪೆ ಬಿದ್ದಿತ್ತು. ಯಾರೋ ಕೈಯಾರೆ, ವಾರಕ್ಕಿಷ್ಟು ಯಂತ್ರಗಳಂತೆ, ತಿಂಗಳು ತಪ್ಪದೆ, ಮೂರು ವರ್ಷ ಹಾಕಿದ್ದರು. ಎಲ್ಲವೂ ಬುಧವಾರ, ಎಲ್ಲವೂ ಮಧ್ಯಾಹ್ನದ ನಿದ್ದೆಯ ಹೊತ್ತು.

ತಾನೇ ಕೆಡಿಸಿದ್ದನ್ನು ತಾನೇ ಕದ್ದುಮುಚ್ಚಿ ಸರಿಮಾಡುವವನು ಆ ನಿಯಮವನ್ನೇ ಯಾಕೆ ತೆಗೆದುಹಾಕಲಿಲ್ಲ?

ಉತ್ತರ ತೆರೆಯ ಮೇಲೆ ಸಿಕ್ಕಿತು. ಗುಂಪನ್ನು ಅಳಿಸಲು ಹೋದಾಗ ಪ್ರೋಗ್ರಾಂ ತಡೆಯಿತು: ಮೊದಲ ನಿಯಮ ಹಾಕಿದವರ ಒಪ್ಪಿಗೆಯಿಲ್ಲದೆ ಆಗದು, ಅವರ ಫೋನಿಗೆ ಕೋರಿಕೆ ಕಳಿಸಲೇ? ಅವಳು ಮುದುಕನ ಮನೆಯನ್ನು, ಅಲ್ಲಿ ಮೇಜಿನ ಮೇಲೆ ಸದ್ದು ಮಾಡಲಿರುವ ಅವನ ಫೋನನ್ನು ನೆನೆದು ‘ಹೌದು’ ಒತ್ತಿದಳು.

ಸದ್ದಾದದ್ದು ಅವಳ ಜೇಬಿನಲ್ಲೇ. ಮೂರು ವರ್ಷದ ಹಿಂದೆ ಅವಳೇ ಬರೆದು ಮರೆತ ಕಾರಣ ಆ ಕೋರಿಕೆಯ ಕೆಳಗೆ ಹಾಗೇ ಇತ್ತು: ‘ನಾಲ್ಕನೇ ಹಾಸಿಗೇಲಿ ನಮ್ಮಮ್ಮ ಇದ್ದಾರೆ, ಇವತ್ತೊಂದು ದಿನ ಈ ಯಂತ್ರ ನಿಲ್ಲಿಸಬೇಡಿ.’