ಮೊದಲ ತುತ್ತು

ಪಾದ್ರಿ ಅಂಗೈಯಲ್ಲಿಟ್ಟ ತೆಳ್ಳನೆಯ ಬಿಳಿ ರೊಟ್ಟಿ ಬಿಲ್ಲೆಯನ್ನು ಉಷಾ ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಬಾಯಿಗೆ ಹಾಕಿಕೊಳ್ಳದೆ ಟಿಶ್ಯೂ ಒಳಗೆ ಮಡಚಿ, ವ್ಯಾನಿಟಿ ಬ್ಯಾಗಿಗೆ ಸೇರಿಸಿ ಜಿಪ್ ಎಳೆದಳು. ಹಿಂದಿನ ಬೆಂಚಿನಿಂದ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ ಮಗ ಮಿಹಿರ್‌ನ ನಗು ಅಲ್ಲಿಗೇ ನಿಂತಿತು. 'ಪ್ರಸಾದ ಕೊಡ್ತಿದಾರೆ, ಲೈನಲ್ಲಿ ನಿಂತ್ಕೋ' ಎಂದು ಅಮ್ಮನನ್ನು ತಳ್ಳಿದ್ದು ಅವನೇ. ಅದು ಅವರ ಮತದವರಿಗೆ ಮಾತ್ರ, ಅಲ್ಲೇ ನುಂಗಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಪ್ಪ ಸೂರ್ಯನಾರಾಯಣ ಬುಕ್ ಮಾಡಿದ್ದ ಇಟಲಿ ಟ್ರಿಪ್ಪು ಅಪ್ಪನಿಗೆ ಸ್ಟ್ರೋಕ್ ಹೊಡೆದ ದಿನವೇ ಕ್ಯಾನ್ಸಲ್ ಆಗಿತ್ತು. ನಲವತ್ತು ದಿನದಿಂದ ಆಸ್ಪತ್ರೆಯಲ್ಲಿ ಮೂಗಿನ ನಳಿಕೆಯೇ ಅಪ್ಪನ ಊಟ. ಅಮ್ಮ ಒಂದು ದಿನವಾದರೂ ಹೊರಗೆ ಬರಲಿ ಎಂದು ಮಿಹಿರ್ ಬೆಳಿಗ್ಗೆಯೇ ಓಲ್ಡ್ ಬ್ರಿಡ್ಜ್ ಊರಿನ ಮನೆಯಿಂದ ಬ್ರಾಂಕ್ಸ್‌ನ ಇಟಾಲಿಯನ್ ಬೀದಿಗೆ ಡ್ರೈವ್ ಮಾಡಿಕೊಂಡು ಬಂದಿದ್ದ. "ಫ್ಲೈಟ್ ಬೇಡ, ವೀಸಾ ಬೇಡ. ಫಸ್ಟ್ ಹಾಫ್ ಚರ್ಚು, ಸೆಕೆಂಡ್ ಹಾಫ್ ಊಟ. ಇಂಟರ್ವಲ್‌ನಲ್ಲಿ ಅಳಂಗಿಲ್ಲ, ಪ್ರೊಡ್ಯೂಸರ್ ಕಂಡೀಷನ್ನು" ಎಂದಿದ್ದ. ಎರಡು ಚರ್ಚು, ಒಂದು ಬೇಕರಿ, ಒಂದು ಚೀಸ್ ಅಂಗಡಿ ಮುಗಿದಿದ್ದವು. ಅಮ್ಮ ಏನನ್ನೂ ಬಾಯಿಗಿಡಲಿಲ್ಲ. ಎಲ್ಲ ಕಡೆಯೂ "ಪ್ಯಾಕ್ ಮಾಡ್ಸೋ" ಅಂದಳು. ಇದು ಮೂರನೆಯ ಚರ್ಚು.

ಪೂಜೆ ಮುಗಿದು ಜನ ಕರಗಿದಾಗ ಎಂಬತ್ತು ದಾಟಿದ ಆ ಪಾದ್ರಿ ಬೆಂಚು ಹಿಡಿದುಕೊಳ್ಳುತ್ತ ಅವರ ಹತ್ತಿರ ಬಂದ. ಮೆತ್ತಗಿನ ಇಂಗ್ಲಿಷಿನಲ್ಲಿ, "ಮೇಡಂ, ಅದನ್ನು ಹೊರಗೆ ಒಯ್ಯುವಂತಿಲ್ಲ. ದಯವಿಟ್ಟು ವಾಪಸ್ ಕೊಡಿ," ಎಂದ.

ಅಮ್ಮ ಬ್ಯಾಗನ್ನು ಎದೆಗೆ ಅವಚಿಕೊಂಡಳು. "ಹೇಳೋ ಇವರಿಗೆ. ನಾಳೆ ನಿಮ್ಮಪ್ಪಂಗೆ ನುಂಗೋ ಟೆಸ್ಟು. ನುಂಗಿದ್ರೆ ಟ್ಯೂಬ್ ತೆಗೀತಾರೆ, ಇಲ್ಲಾಂದ್ರೆ ಹೊಟ್ಟೆಗೇ ತೂತು ಮಾಡಿ ಹಾಕ್ತಾರೆ ಪರ್ಮನೆಂಟಾಗಿ. ಮೊದಲ ತುತ್ತು ದೇವರದ್ದಿರಲಿ ಅಂತ ಇಟ್ಕೊಂಡೆ. ಯಾವ ದೇವರಾದ್ರೇನು."

ಯಾವ ಸೀನಿಗೂ ಡೈಲಾಗ್ ರೆಡಿ ಇಟ್ಟುಕೊಂಡಿರುತ್ತಿದ್ದ ಮಿಹಿರ್ ಫೋನನ್ನು ಜೇಬಿಗೆ ತುರುಕಿದ. ಅಮ್ಮ ಹೇಳಿದ್ದನ್ನು ಪಾದ್ರಿಗೆ ಇಂಗ್ಲಿಷಿನಲ್ಲಿ ತೊದಲುತ್ತ ಒಪ್ಪಿಸಿದ. ಕೊನೆಗೆ, "ಫಾದರ್, ಇವರ ತಪ್ಪಿಲ್ಲ. ನಾನೇ ಕಳಿಸಿದ್ದು. ಪ್ರಾಂಕ್ ಅಂತ," ಎಂದ.

ಅಮ್ಮನಿಗೆ ಅಷ್ಟು ಇಂಗ್ಲಿಷು ಬರುತ್ತಿತ್ತು. ಮಗನ ಕಡೆ ತಿರುಗಿದಳು.

"ಇದು ಪ್ರಸಾದ ಅಲ್ವೇನೋ?"

"ಪ್ರಸಾದನೇ ಅಮ್ಮ. ನಮಗಲ್ಲ, ಅಷ್ಟೆ."

ಅವಳು ನಿಧಾನಕ್ಕೆ ಜಿಪ್ ತೆಗೆದು, ಟಿಶ್ಯೂ ಬಿಡಿಸಿ ಚಾಚಿದಳು. ಪಾದ್ರಿ ಎರಡು ಬೆರಳಿನಲ್ಲಿ ಬಿಲ್ಲೆಯನ್ನು ಎತ್ತಿಕೊಂಡು, ಕಣ್ಣು ಮುಚ್ಚಿ ತಾನೇ ನಾಲಗೆಯ ಮೇಲಿಟ್ಟುಕೊಂಡ. ಅಮ್ಮ ಶಿಲುಬೆಯ ಕಡೆ ನೋಡಲಿಲ್ಲ, ಮಿಹಿರ್‌ನ ಕಡೆಯೂ ನೋಡಲಿಲ್ಲ. ಅವಳ ಕಣ್ಣು ಆ ಮುದುಕನ ಜೋತುಬಿದ್ದ ಕತ್ತಿನ ಮೇಲೆ ನೆಟ್ಟಿತ್ತು. ಗಂಟಲಮಣಿ ಒಮ್ಮೆ ಮೇಲಕ್ಕೆ ಹೋಗಿ ಕೆಳಕ್ಕೆ ಬಂತು.

"ಎಷ್ಟು ಸಲೀಸಾಗಿ ಇಳೀತು ನೋಡೋ," ಅಂದಳು.