ರೆಕ್ಕೆ ಹಿಡಿದ ಚೆನ್ನವೀರಣ್ಣ

ರಸ್ತೆಗಳನ್ನೆಲ್ಲ ಉತ್ತು ಹೊಲ ಮಾಡಿದ ಮೇಲೆ ನಮ್ಮ ಗದಗಿನ ಓಣಿಯಲ್ಲಿ ಎಲ್ಲರೂ ಮಾಳಿಗೆಯ ಮೇಲೆ ತಾವೇ ವಿಮಾನ ಜೋಡಿಸಿಕೊಳ್ಳುತ್ತಾರೆ. ರೆಕ್ಕೆ ಕೂರಿಸುವಾಗ ನೆರೆಯವರೊಬ್ಬರು ಅದರ ತುದಿ ಹಿಡಿಯಬೇಕು. ಕೆಡವಿದರೆ ತಮ್ಮ ವಿಮಾನದ ರೆಕ್ಕೆ ಬಿಚ್ಚಿ ಕೊಡಬೇಕು.

ಹೋದ ವರ್ಷ ನಾನು ಎಷ್ಟು ಬೇಡಿಕೊಂಡರೂ ಪಕ್ಕದ ಮನೆಯ ಚೆನ್ನವೀರಣ್ಣ "ಕೈ ಮಾಸ್ತಾವ" ಎಂದು ಬರಲೇ ಇಲ್ಲ. ವಿಮಾನ ಹಾರದೆ ನನ್ನ ಪರೀಕ್ಷೆ ತಪ್ಪಿತು. ಇವತ್ತು ಕನ್ಯೆ ನೋಡಲು ಹೊರಟವನು ಹೊಸ ಅಂಗಿ ತೋರಿಸಲು ನಮ್ಮ ಮಾಳಿಗೆಗೆ ಬಂದ. ನಾನು ನಗುನಗುತ್ತಾ ರೆಕ್ಕೆಯ ತುದಿಯನ್ನು ಅವನ ಕೈಗಿಟ್ಟೆ.

"ಒಂದು ಚೂರು ಹಿಡಿ, ಅಣ್ಣಾ."

ಆಮೇಲೆ ಬೋಲ್ಟುಗಳನ್ನು ನಿಧಾನವಾಗಿ ಒರೆಸಿದೆ. ಒಂದೊಂದಕ್ಕೂ ಅರಿಶಿನ, ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದೆ.

"ಏ ನೀಲಾಂಬಿಕಾ, ಲಗೂ ಬಿಗಿಯವ್ವಾ! ಹೊತ್ತು ಮುಳುಗಿದ್ರ ಹಾರಾಕ ಬಿಡಂಗಿಲ್ಲ. ಹುಡುಗಿ ಮನ್ಯಾಗ ಕಾಯಾಕತ್ತಾರ!"

"ಹಂಗಾರ ಕೆಡವಿ ಹೋಗು. ನಿನ್ನ ವಿಮಾನದ ರೆಕ್ಕಿನೂ ಚಂದ ಅದಾವು."

ಅವನ ಹೊಸ ಅಂಗಿ ಬೆವರಿನಿಂದ ಒದ್ದೆಯಾಯಿತು, ಆದರೂ ತುದಿ ಬಿಡಲಿಲ್ಲ. ಸೂರ್ಯ ಗುಡ್ಡದ ಅಂಚು ಮುಟ್ಟುವಾಗ ನಾನು ಕಡೆಯ ನಟ್ಟು ಬಿಗಿದೆ. ಅವನು ಉಸ್ಸೆಂದು ಕೈ ಇಳಿಸಿ ಮೆಟ್ಟಿಲ ಕಡೆ ಓಡಿದ.

"ಎಲ್ಲಿಗಣ್ಣಾ?" ಎಂದೆ. "ಬಲಗಡೆ ರೆಕ್ಕಿ ಹಿಡಿದವ್ರ ಎಡಗಡೆದೂ ಹಿಡೀಬೇಕಲ್ಲ."